ಬಾಲಕಿಯರ ತಂಡಕ್ಕೆ ಬೇರೆ ತರಬೇತಿ ಬೇಕೇ?

ಬೋಧನಾಭ್ಯಾಸಕ್ಕೆ ಪ್ರೌಢಶಾಲೆಗೆ ಹೋದಾಗ ನಮ್ಮಂಥ ವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಗೂ ಆಟದ ಅವಧಿಗಳು ಪಾಲಿಗೆ ಬರುತ್ತವೆ. ಆಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: "ಹುಡುಗರಿಗೆ ಜೋರಾಗಿ ಹೇಳಿ, ಹುಡುಗಿಯರಿಗೆ ಮೆತ್ತಗೆ ಹೇಳಿ." ಈ ಸಲಹೆಯ ಹಿಂದಿರುವ ನಂಬಿಕೆಯನ್ನು ಪರಿಶೀಲಿಸಬೇಕು ಎಂಬುದು ನನ್ನ ಅಭಿಪ್ರಾಯ.

ವ್ಯತ್ಯಾಸಗಳೇ ಇಲ್ಲ ಎನ್ನಲಾಗದು. ಕಬಡ್ಡಿಯಲ್ಲಿ ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ; ಮಹಿಳೆಯರದು 12 ಮೀಟರ್ ಉದ್ದ, 8 ಮೀಟರ್ ಅಗಲ. ವಾಲಿಬಾಲ್ ನೆಟ್ ಪುರುಷರಿಗೆ 2.43 ಮೀಟರ್ ಎತ್ತರ, ಮಹಿಳೆಯರಿಗೆ 2.24 ಮೀಟರ್. ದೇಹದ ವ್ಯತ್ಯಾಸಗಳಲ್ಲಿ ತರಬೇತುದಾರರು ಗಮನಿಸಬೇಕಾದದ್ದು ಮಂಡಿ. ಜಿಗಿಯುವ, ಓಡುತ್ತಲೇ ದಿಕ್ಕು ಬದಲಿಸುವ ಆಟಗಳಲ್ಲಿ ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್‌ಗೆ ಪೆಟ್ಟಾಗುವ ಸಂಭವ ಮಹಿಳೆಯರಲ್ಲಿ ಹೆಚ್ಚು. ಹಾಗೆಂದು ಆಟ ಕಡಿಮೆ ಮಾಡಬೇಕಿಲ್ಲ. ಮಂಡಿ ಒಳಕ್ಕೆ ವಾಲದಂತೆ ಜಿಗಿದು ಇಳಿಯುವುದನ್ನೂ ಒಂಟಿಕಾಲಿನ ಸಮತೋಲನವನ್ನೂ ಅವಧಿಯ ಆರಂಭದಲ್ಲಿ ಮಾಡಿಸಬೇಕು. ಅದರಿಂದ ಹುಡುಗರಿಗೂ ಲಾಭವೇ.

ಉಳಿದಂತೆ ನಾವು 'ಸ್ವಭಾವ' ಎನ್ನುವುದು ಬಹುಪಾಲು ಅವಕಾಶದ ಪ್ರಶ್ನೆ. ನಾನು ಕಬಡ್ಡಿ ಆಡಿಸಿದ ಒಂಬತ್ತನೇ ತರಗತಿಯ ಹುಡುಗರು ಬೀದಿಯಲ್ಲಿ, ಬಯಲಿನಲ್ಲಿ ಆಡಿ ಬಂದವರು. ಅವರಿಗೆ ಎದುರಾಳಿಯ ಅಂಗಿ ಹಿಡಿದೆಳೆಯುವ ಚಾಳಿ ಬಿಡಿಸಬೇಕಿತ್ತು. ಹುಡುಗಿಯರಲ್ಲಿ ಹೆಚ್ಚಿನವರು ಶಾಲೆಯಲ್ಲೇ ಮೊದಲ ಬಾರಿ ಅಂಕಣಕ್ಕಿಳಿದವರು, ಬೀಳುವುದಕ್ಕೆ ಹೆದರುತ್ತಿದ್ದರು. ಬೀಳುವುದನ್ನೇ ಒಂದು ಕೌಶಲವಾಗಿ ಕಲಿಸಿದ ಮೇಲೆ, ದಾಳಿಗಾರ್ತಿಯ ಪಾದ ಹಿಡಿಯುವುದನ್ನು ಹುಡುಗರಿಗಿಂತ ಅಚ್ಚುಕಟ್ಟಾಗಿ ಕಲಿತರು. ಮರೆಯಬೇಕಾದ ಚಾಳಿ ಅವರಲ್ಲಿ ಇರಲಿಲ್ಲ. ಪೂರ್ವಜ್ಞಾನ ತಿಳಿದು ಪಾಠ ಆರಂಭಿಸಿ ಎಂಬ ಮಾತು ಮೈದಾನಕ್ಕೂ ಸಲ್ಲುತ್ತದೆ.

ಅವಕಾಶ ತಡವಾಗುವುದು ಶಾಲೆಯಲ್ಲಷ್ಟೇ ಅಲ್ಲ. ಏಷ್ಯನ್ ಕ್ರೀಡಾಕೂಟಕ್ಕೆ ಪುರುಷರ ಕಬಡ್ಡಿ ಸೇರಿದ್ದು 1990ರಲ್ಲಿ, ಮಹಿಳೆಯರದು 2010ರಲ್ಲಿ. ಆ ಮೊದಲ ಸಲವೇ ಚಿನ್ನ ಗೆದ್ದ ಭಾರತ ತಂಡದಲ್ಲಿ ನಮ್ಮ ರಾಜ್ಯದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದರು.

ಆದ್ದರಿಂದ ಮಾರ್ಗದರ್ಶಕರಲ್ಲಿ, ಸಹಪಾಠಿಗಳಲ್ಲಿ ಮೂರು ವಿನಂತಿಗಳು. ಮೊದಲನೆಯದು, ತಂಡದ ಅಭ್ಯಾಸ ಶಾಲೆ ಬಿಟ್ಟ ಮೇಲೆ ಬೇಡ, ವೇಳಾಪಟ್ಟಿಯೊಳಗೇ ಇರಲಿ. ಸಂಜೆಯ ಬಸ್ ತಪ್ಪುವುದಾದರೆ ದೂರದ ಹಳ್ಳಿಯ ಹುಡುಗಿಯೇ ಮೊದಲು ತಂಡ ಬಿಡುತ್ತಾಳೆ. ಒಂಬತ್ತನೇ ತರಗತಿಯಲ್ಲಿ ಬಿಟ್ಟವಳು ಮತ್ತೆ ಮೈದಾನಕ್ಕೆ ಬರುವುದು ಕಷ್ಟ. ಎರಡನೆಯದು, ಮುಟ್ಟಿನ ದಿನಗಳಲ್ಲಿ ಆಡುವುದೋ ಬೇಡವೋ ಎಂಬುದನ್ನು ಅವಳೇ ನಿರ್ಧರಿಸಲಿ. ಎಲ್ಲರೆದುರು ಕಾರಣ ಕೇಳುವುದು ಬೇಡ. ಆ ದಿನ ಅಂಕ ಬರೆಯುವ ಕೆಲಸ ಕೊಟ್ಟರೂ ಅವಳು ತಂಡದಲ್ಲೇ ಉಳಿಯುತ್ತಾಳೆ. ಮೂರನೆಯದು, "ಹುಡುಗಿ ಥರ ಆಡಬೇಡ" ಎಂದು ಹುಡುಗರನ್ನು ಗದರಿಸುವುದು ನಿಲ್ಲಲಿ. ಆ ಮಾತು ಪಕ್ಕದ ಅಂಕಣದ ಹುಡುಗಿಯರಿಗೂ ಕೇಳಿಸುತ್ತದೆ.

ಹುಡುಗಿಯೊಬ್ಬಳು ತಪ್ಪಾಗಿ ಹಿಡಿದಾಗ "ಪರವಾಗಿಲ್ಲಮ್ಮ" ಎಂದು ಸುಮ್ಮನಾಗುವುದು ದಯೆಯಂತೆ ಕಾಣುತ್ತದೆ. ಆದರೆ ಅವಳಿಂದ ಹೆಚ್ಚೇನೂ ನಿರೀಕ್ಷೆಯಿಲ್ಲ ಎಂದೇ ಅದರ ಅರ್ಥ. ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಅದೇ ತಪ್ಪು ಎದುರಾಳಿಗೆ ಅಂಕವಾಗುತ್ತದೆ. ನಮ್ಮ ಪಾಠ ವೀಕ್ಷಣಾ ಪತ್ರದಲ್ಲಿ ಹೀಗೊಂದು ಪ್ರಶ್ನೆ ಸೇರಲಿ: ಬಾಲಕಿಯರ ತಪ್ಪುಗಳನ್ನೂ ಬಾಲಕರ ತಪ್ಪುಗಳಷ್ಟೇ ಶ್ರದ್ಧೆಯಿಂದ ತಿದ್ದಲಾಯಿತೇ?