ಲಕ್ವಾ ಪೀಡಿತರ ಮನೆಯವರಲ್ಲಿ ವಿಜ್ಞಾಪನೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಸಮಸ್ತ ಮಹಾಜನರಿಗೆ:

ಚಹಾ ಕುಡಿಯುತ್ತ ಕುಳಿತವನ ಬಾಯಿ ಒಮ್ಮೆಲೇ ಸೊಟ್ಟಗಾಗಿ, ಬಸಿ ಕೈಜಾರಿ, ನಾಲಗೆ ತೊದಲಿದೊಡನೆ ‘ಲಕ್ವಾ ಹೊಡೆಯಿತು’ ಎಂದು ಗುರುತಿಸುವುದು ನಮ್ಮ ಸೀಮೆಯಲ್ಲಿ ಯಾರಿಗೂ ಕಷ್ಟವಲ್ಲ. ಆದರೆ ಗುರುತಿಸಿದ ಬಳಿಕ ಕೈಕಾಲಿಗೆ ಎಣ್ಣೆ ತಿಕ್ಕುತ್ತ, ಯಾವ ಊರಿನ ನಾಟಿ ಔಷಧ ಒಳ್ಳೆಯದೆಂದು ಚರ್ಚಿಸುತ್ತಿರುವಷ್ಟರಲ್ಲಿ ಚಿಕಿತ್ಸೆಯ ಹೊತ್ತು ಮೀರಿಹೋಗುತ್ತದೆ. ವ್ಯಾಧಿಯು ಕೈಯಲ್ಲಿ ತೋರಿದರೂ ಅದರ ಮೂಲ ಮಿದುಳಿನಲ್ಲಿದೆ. ಅಲ್ಲಿನ ರಕ್ತನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿರುತ್ತದೆ, ಇಲ್ಲವೆ ಒಡೆದಿರುತ್ತದೆ. ಯಾವುದೆಂಬುದನ್ನು ನಾಡಿ ಹಿಡಿದು ಹೇಳಲಾಗದು, ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನನ್ನು ಲಕ್ವಾ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡತಕ್ಕದ್ದು. ಆದುದರಿಂದ ರೋಗಿ ಕೊನೆಯ ಸಲ ನೆಟ್ಟಗಿದ್ದುದು ಎಷ್ಟು ಹೊತ್ತಿಗೆಂಬುದನ್ನು ನೆನಪಿಟ್ಟುಕೊಂಡು, 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ, ಅದು ಬಾಗಲಕೋಟೆಯಾಗಲಿ, ವಿಜಯಪುರವಾಗಲಿ, ಮಿರಜವಾಗಲಿ, ನೇರ ಹೊರಡಿರಿ. ಬಾಯಿಗೆ ನೀರನ್ನೂ ಹಾಕಬೇಡಿರಿ. ನುಂಗುವ ಶಕ್ತಿ ಕುಂದಿರುವುದರಿಂದ ಅದು ಶ್ವಾಸನಾಳಕ್ಕೆ ಇಳಿದೀತು.

ಇಷ್ಟನ್ನು ಈಗ ಹಲವರು ಬಲ್ಲರು. ನಾವು ಈ ಕರಪತ್ರವನ್ನು ಅಚ್ಚುಹಾಕಿಸಿರುವುದು ಮುಖ್ಯವಾಗಿ ಇನ್ನೊಂದು ಮಾತಿಗಾಗಿ: ಜೀವ ಉಳಿದು ಮನೆಗೆ ಬಂದವನ ಸ್ವಭಾವ ಮಾರ್ಪಟ್ಟಿದ್ದರೆ ಅದನ್ನು ಹಟವೆಂದೂ ಸೊಕ್ಕೆಂದೂ ಕರೆಯಬೇಡಿರಿ.

ಎಡಮಿದುಳು ಬಲಗೈಯನ್ನು ಆಳುವಂತೆಯೇ ಬಹುಮಂದಿಯಲ್ಲಿ ನುಡಿಯನ್ನೂ ಆಳುತ್ತದೆ. ಬನಹಟ್ಟಿಯ ನೇಕಾರನಿಗೆ ಮಗ್ಗದ ಮೇಲಿನ ಬಲಗೈಯೊಡನೆ ಮಾತೂ ಹೋಗುವುದುಂಟು. 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ ಕಂಡ ರೋಗಿಯೊಬ್ಬನು ಅನ್ಯರ ಮಾತನ್ನು ತಿಳಿಯುತ್ತಿದ್ದರೂ ‘ಟಾನ್’ ಎಂಬ ಸದ್ದಿನಿಂದಲೇ ಉತ್ತರಿಸುತ್ತಿದ್ದನು. ಮರಣಾನಂತರ ನೋಡಲಾಗಿ ಅವನ ಎಡಮಿದುಳಿನ ಮುಂಭಾಗವು ಕೆಟ್ಟಿತ್ತು. ‘ರೊಟ್ಟಿ’ ಎನ್ನಲು ತಡವರಿಸುವವನೇ ಭಜನೆಯ ಪದವನ್ನು ಸಲೀಸಾಗಿ ಹಾಡಬಲ್ಲನು. ಅದನ್ನು ಕೇಳಿ ‘ಬೇಕಂತ ಮಾತಾಡವಲ್ಲ’ ಎಂದು ಗದರುವುದು ಅನ್ಯಾಯ.

ಬಲಮಿದುಳು ಘಾಸಿಗೊಂಡವನ ತಾಟನ್ನು ನೋಡಿರಿ: ಬಲಗಡೆಯ ರೊಟ್ಟಿ, ಬದನೆಕಾಯಿ ಪಲ್ಯ ತೀರಿವೆ, ಎಡಗಡೆಯ ಝುಣಕ ಮುಟ್ಟದೆ ಉಳಿದಿದೆ, ಆತ ಇನ್ನೂ ಬಡಿಸಿರೆಂದು ರೇಗುತ್ತಿದ್ದಾನೆ. ಕಣ್ಣಿಗೆ ದೋಷವಿಲ್ಲ, ಎಡಗಡೆಯ ಜಗತ್ತು ಅವನ ಅರಿವಿಗೆ ಬರುತ್ತಿಲ್ಲ. ತಾಟನ್ನು ತಿರುಗಿಸಿಟ್ಟರೆ ಉಂಡಾನು.

ಕಾರಣವಿಲ್ಲದೆ ಅಳುವುದು, ಅಳುವಲ್ಲಿ ನಗುವುದು ಕೂಡ ಮಿದುಳಿನ ಗಾಯದ ಫಲ. ಬದುಕುಳಿದವರಲ್ಲಿ ಸುಮಾರು ಮೂವರಲ್ಲೊಬ್ಬರಿಗೆ ಖಿನ್ನತೆಯೂ ತಗಲುತ್ತದೆ. ಕೈಗೆ ನೂರು ಮದ್ದು ಹೇಳುವ ಬೀಗರು ಇದಕ್ಕೆ ಮಾತ್ರ ‘ಮನಸ್ಸು ಗಟ್ಟಿ ಮಾಡ್ಕೋ’ ಎಂದು ಎದ್ದುಹೋಗುವರು! ಇದಕ್ಕೂ ಗುಳಿಗೆಯುಂಟು, ಬಿ.ಪಿ. ಗುಳಿಗೆಯನ್ನು ನಿಲ್ಲಿಸದಿರುವಂತೆ ಇದನ್ನೂ ವೈದ್ಯರು ಹೇಳುವವರೆಗೆ ನುಂಗಿಸಿರಿ, ಮತ್ತು ಆಸ್ಪತ್ರೆಯಲ್ಲಿ ಕೈಕಾಲಿನ ವ್ಯಾಯಾಮದೊಡನೆ ಮಾತಿನ ಅಭ್ಯಾಸವನ್ನೂ ಕೇಳಿ ಪಡೆಯಿರಿ.