ಐದು ಎಸೆತದ ಲಾಟರಿ

ಶಾಲಾ ಬಾಸ್ಕೆಟ್‌ಬಾಲ್ ತಂಡಕ್ಕೆ ಮಕ್ಕಳನ್ನು ಆರಿಸುವ ಚಂದವನ್ನು ನೀವು ನೋಡಿದ್ದೀರಾ? ಸಾಲಾಗಿ ನಿಲ್ಲಿಸುತ್ತಾರೆ. ಫ್ರೀ ಥ್ರೋ ಗೆರೆಯಿಂದ ಒಬ್ಬೊಬ್ಬರಿಗೆ ಐದು ಎಸೆತ. ನಾಲ್ಕು ಬಿದ್ದವರು ಒಳಗೆ, ಎರಡು ಬಿದ್ದವರು ಹೊರಗೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು, ಇನ್ನು ಚಾ ಕುಡಿಯಲು ಹೋಗಬಹುದು! ಇದಕ್ಕೆ ‘ಶೂಟಿಂಗ್ ಟೆಸ್ಟ್’ ಎಂಬ ದೊಡ್ಡ ಹೆಸರು ಬೇರೆ. ನಾವು ಹೇಳುವುದು ಇಷ್ಟೇ: ಇದು ಪರೀಕ್ಷೆಯಲ್ಲ, ಲಾಟರಿ. ಕೇರಳದಲ್ಲಿರುವ ನಮಗೆ ಲಾಟರಿ ಅಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬರೀ ಬಾಯಿಮಾತು ಬೇಡ, ಲೆಕ್ಕವನ್ನೇ ಮಾಡೋಣ. ನೂರು ಎಸೆದರೆ 70 ಹಾಕಬಲ್ಲ ಹುಡುಗಿ ಒಬ್ಬಳು, 50 ಹಾಕಬಲ್ಲವಳು ಇನ್ನೊಬ್ಬಳು ಎಂದಿಟ್ಟುಕೊಳ್ಳಿ. ಇಬ್ಬರ ನಡುವಿನ ಅಂತರ ಸಣ್ಣದೇನಲ್ಲ. ಆದರೆ ಐದೈದು ಎಸೆತ ಮಾತ್ರ ಕೊಟ್ಟರೆ, 50ರವಳು 70ರವಳಿಗೆ ಸಮನಾಗುವ ಅಥವಾ ಅವಳನ್ನು ಮೀರಿಸುವ ಸಾಧ್ಯತೆ ನೂರಕ್ಕೆ 36! ಒಳ್ಳೆಯ ಆಟಗಾರ್ತಿಗೇ ಐದರಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಬೀಳುವ ಸಾಧ್ಯತೆ ನೂರಕ್ಕೆ 47. ಅಂದರೆ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಅದೇ ನೂರು ನೂರು ಎಸೆತ ಕೊಟ್ಟು ನೋಡಿದರೆ ಈ ತಪ್ಪು ಸಾವಿರಕ್ಕೆ ಎರಡು ಮೂರು ಬಾರಿ ಆದರೆ ಹೆಚ್ಚು. ಸಂಭವನೀಯತೆಯ ಪಾಠವನ್ನು ಕ್ಲಾಸಿನೊಳಗೆ ಕಲಿಸಿ, ಅಂಗಳಕ್ಕೆ ಬಂದ ಕೂಡಲೇ ಮರೆತುಬಿಡುವುದು ಯಾವ ನ್ಯಾಯ?

‘ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕಲ್ಲ ಮಾಷ್ಟ್ರೇ’ ಎನ್ನುವವರಿದ್ದಾರೆ. ಸಾಕು, ಅನ್ನಕ್ಕೆ ಸಾಕು. ಒಂದೇ ಪಾತ್ರೆಯಲ್ಲಿ, ಒಂದೇ ನೀರಿನಲ್ಲಿ ಎಲ್ಲ ಅಗುಳೂ ಒಟ್ಟಿಗೆ ಬೇಯುತ್ತವೆ. ಮಗುವಿನ ಎಸೆತಗಳು ಹಾಗಲ್ಲ. ಮೊದಲನೆಯದರಲ್ಲಿ ಕೈ ನಡುಗುತ್ತದೆ, ಮೂರನೆಯದಕ್ಕೆ ಧೈರ್ಯ ಬರುತ್ತದೆ. ಐದನೆಯದು ಮುಗಿಯುವಾಗ ನಿಮ್ಮ ಪೆನ್ನು ಮುಂದಿನ ಹೆಸರಿಗೆ ಹೋಗಿರುತ್ತದೆ.

ಇನ್ನು, ಫ್ರೀ ಥ್ರೋ ಒಂದೇ ಗುರಿಯ ಅಳತೆಯೇ? 1992ರಿಂದ 2011ರವರೆಗೆ ಎನ್‌ಬಿಎ ಆಡಿದ ಶಕೀಲ್ ಓನೀಲ್ ಅವರ ಲೆಕ್ಕ ನೋಡಿ. ಆಟದ ನಡುವೆ, ಬಹುಪಾಲು ರಿಂಗಿನ ಬಳಿಯಿಂದ, ಎದುರಾಳಿಗಳು ಮೈಮೇಲೆ ಬೀಳುತ್ತಿರುವಾಗ ಎಸೆದದ್ದರಲ್ಲಿ ಶೇ. 58 ಒಳಗೆ ಬಿದ್ದಿತ್ತು. ಯಾರೂ ತಡೆಯದ ಫ್ರೀ ಥ್ರೋದಲ್ಲಿ ಶೇ. 53 ಮಾತ್ರ! ಅವರ ತಂಡಗಳು ನಾಲ್ಕು ಬಾರಿ ಚಾಂಪಿಯನ್ ಆದವು. ನಮ್ಮವರ ಆಯ್ಕೆಗೆ ಬಂದಿದ್ದರೆ ಬಹುಶಃ ವಾಪಸು ಕಳಿಸುತ್ತಿದ್ದರು. ಇನ್ನೊಂದು ತುದಿಯಲ್ಲಿ ಕ್ಯಾಲಿಫೋರ್ನಿಯಾದ ಟಾಮ್ ಆಂಬೆರಿ. ಕಾಲಿನ ವೈದ್ಯರು. 1993ರಲ್ಲಿ, ತಮ್ಮ 71ನೇ ವಯಸ್ಸಿನಲ್ಲಿ, ಒಂದೂ ತಪ್ಪದೆ ಸತತ 2,750 ಫ್ರೀ ಥ್ರೋ ಹಾಕಿದರು. ಅದ್ಭುತ ಸಾಧನೆಯೇ ಸರಿ. ಹಾಗೆಂದು 71ರ ಅಜ್ಜನನ್ನು ಓಡುವ ತಂಡಕ್ಕೆ ಸೇರಿಸುತ್ತೀರಾ?

ಮತ್ತೊಂದು ಸಂಗತಿ. ಬಿತ್ತೇ, ಬೀಳಲಿಲ್ಲವೇ ಎಂದಷ್ಟೇ ಬರೆದುಕೊಂಡರೆ ಅರ್ಧ ವಿಷಯ ಕಳೆದುಹೋಗುತ್ತದೆ. ರಿಂಗಿನ ಒಳ ಅಗಲ 45 ಸೆಂ.ಮೀ., ದೊಡ್ಡವರ ಚೆಂಡಿನ ಅಗಲ ಸುಮಾರು 24 ಸೆಂ.ಮೀ. ಚೆಂಡು 45 ಡಿಗ್ರಿ ಓರೆಯಲ್ಲಿ ಇಳಿದರೆ ಅದಕ್ಕೆ ಸಿಗುವ ಬಾಯಿ ಸುಮಾರು 32 ಸೆಂ.ಮೀ. ಮೂವತ್ತು ಡಿಗ್ರಿಗೆ ಚಪ್ಪಟೆಯಾಗಿ ಬಂದರೆ 22.5 ಸೆಂ.ಮೀ. ಮಾತ್ರ, ರಿಂಗಿಗೆ ತಾಗದೆ ಒಳಗೆ ಹೋಗಲು ಸಾಧ್ಯವೇ ಇಲ್ಲ. ಹಾಗಾಗಿ ‘ಗುರಿ ಇಲ್ಲದ ಹುಡುಗ’ ಎಂದು ನೀವು ಬಿಟ್ಟುಬಂದವನ ದಿಕ್ಕು ಸರಿಯಾಗಿಯೇ ಇದ್ದು, ಎತ್ತರ ಮಾತ್ರ ಸಾಲದೆ ಇರಬಹುದು. ಅದನ್ನು ತಿದ್ದಬಹುದು. ಆದರೆ ತಪ್ಪಿದ ಚೆಂಡು ಎಡಕ್ಕೆ ಹೋಯಿತೇ, ಬಲಕ್ಕೆ ಹೋಯಿತೇ, ಮೋಟಾಯಿತೇ, ಉದ್ದವಾಯಿತೇ ಎಂದು ಬರೆದುಕೊಂಡವರಿಗೆ ತಾನೇ ಅದು ತಿಳಿಯುವುದು?

ಬೇರೆ ದಾರಿಯೇ ಇಲ್ಲವೆಂದು ಹೇಳಬೇಡಿ. ಅಮೆರಿಕದ ಎಎಎಚ್‌ಪಿಇಆರ್‌ಡಿ ಸಂಘಟನೆ 1984ರಲ್ಲಿ ಹೊರತಂದ ಪರೀಕ್ಷೆಯೊಂದಿದೆ. ದೈಹಿಕ ಶಿಕ್ಷಣ ಓದಿದವರು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೇ ಅದು. ರಿಂಗಿನ ಸುತ್ತ ಐದು ಗುರುತು. ಐದು-ಆರನೇ ಕ್ಲಾಸಿನವರಿಗೆ 9 ಅಡಿ, ಏಳರಿಂದ ಒಂಬತ್ತರವರಿಗೆ 12 ಅಡಿ, ಅದಕ್ಕಿಂತ ದೊಡ್ಡವರಿಗೆ 15 ಅಡಿ ದೂರ. ಅರುವತ್ತು ಸೆಕೆಂಡು ಎಸೆಯುವುದು, ಚೆಂಡನ್ನು ತಾನೇ ಹಿಡಿದು ಇನ್ನೊಂದು ಗುರುತಿಗೆ ಓಡುವುದು. ಒಳಗೆ ಬಿದ್ದರೆ ಎರಡಂಕ, ಮೇಲಿನಿಂದ ಬಂದು ರಿಂಗಿಗೆ ತಾಗಿ ತಪ್ಪಿದರೂ ಒಂದಂಕ. ಇದರಲ್ಲೂ ಕೊರತೆಯಿದೆ: ಓಟದ ವೇಗವೂ ಗುರಿಯೂ ಒಂದರೊಳಗೊಂದು ಬೆರೆತುಹೋಗುತ್ತವೆ. ಆದರೂ ಐದು ಎಸೆತದ ತೀರ್ಪಿಗಿಂತ ಎಷ್ಟೋ ಮೇಲು.

ಅದರಲ್ಲಿ ನಮಗೆ ಬಹಳ ಹಿಡಿಸಿದ್ದು ಒಂದು ನಿಯಮ. ಮೂರು ಸುತ್ತಿನಲ್ಲಿ ಮೊದಲನೆಯದು ಅಭ್ಯಾಸಕ್ಕೆ, ಅದರ ಅಂಕ ಲೆಕ್ಕಕ್ಕಿಲ್ಲ. ಇದು ಯಾಕೆ ಮುಖ್ಯವೆಂದು ಗಡಿಯಾಚೆಯ ಕನ್ನಡ ಮಾಧ್ಯಮದ ಮಾಷ್ಟ್ರುಗಳನ್ನು ಕೇಳಿ. ಆಯ್ಕೆಯ ದಿನ ಸೂಚನೆ ಮಲಯಾಳದಲ್ಲಿ ಒಮ್ಮೆ ಹೇಳಿ ಮುಗಿಯುತ್ತದೆ. ಒಳಗಿನ ಊರುಗಳಿಂದ ಬಂದ ನಮ್ಮ ಮಕ್ಕಳಲ್ಲಿ ಕೆಲವರು ಪಕ್ಕದವರ ಮುಖ ನೋಡಿ, ಅವರು ಮಾಡಿದ ಹಾಗೆ ಮಾಡುತ್ತಾರೆ. ಅಷ್ಟರಲ್ಲಿ ಎರಡು ಎಸೆತ ಹಾಳು, ಮೂರೇ ಬಾಕಿ. ಅಲ್ಲಿ ಅಳೆದದ್ದು ಮಗುವಿನ ಗುರಿಯನ್ನೋ, ಭಾಷೆಯನ್ನೋ?

‘ಇದು ಬರೀ ಆಟ, ಇಷ್ಟು ತಲೆ ಬಿಸಿ ಯಾಕೆ’ ಎನ್ನಬೇಡಿ. ಉಪಜಿಲ್ಲೆ, ಜಿಲ್ಲೆ ದಾಟಿ ರಾಜ್ಯಮಟ್ಟದಲ್ಲಿ ಗೆದ್ದರೆ ಎಸ್ಸೆಸ್ಸೆಲ್ಸಿಗೆ ಗ್ರೇಸ್ ಮಾರ್ಕ್ ಇದೆ, ಮುಂದೆ ಸ್ಪೋರ್ಟ್ಸ್ ಕೋಟಾದ ಸೀಟು ಇದೆ. ಆ ಏಣಿಯ ಮೊದಲ ಮೆಟ್ಟಿಲಿನಲ್ಲೇ ನಾಣ್ಯ ಚಿಮ್ಮುತ್ತಿದ್ದೇವೆ. ಒಮ್ಮೆ ಹೊರಗಾದ ಮಗು ‘ನನಗೆ ಗುರಿ ಇಲ್ಲ’ ಎಂದು ತಾನೇ ನಂಬಿ ಚೆಂಡು ಮುಟ್ಟುವುದನ್ನೇ ಬಿಡುತ್ತದೆ.

ಸಮಯವಿಲ್ಲ ಎನ್ನುವುದು ನೆಪ. ಆಯ್ಕೆಗೆ ಮೊದಲು ಎರಡು ವಾರ, ಸಂಜೆ ಆಟದ ಹೊತ್ತಿಗೆ ದಿನಕ್ಕೆ ಹತ್ತು ಎಸೆತ, ಐದು ಜಾಗದಿಂದ ಎರಡೆರಡು. ಹತ್ತು ದಿನಕ್ಕೆ ನೂರಾಯಿತು. ಬರೆದಿಡಲು ಮಕ್ಕಳೇ ಸಾಕು, ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು. ಆಯ್ಕೆ ಮಾಡುವವರು ಆ ಪುಸ್ತಕವನ್ನು ತರಿಸಿ ನೋಡಲಿ, ಆಮೇಲೆ ಆಡಿಸಿ ನೋಡಲಿ, ಆಮೇಲೆ ತೀರ್ಪು ಕೊಡಲಿ. ಗಣಿತದಲ್ಲಿ ಒಂದೇ ಲೆಕ್ಕ ಕೊಟ್ಟು ಪಾಸು ಫೇಲು ಮಾಡಿದರೆ ಹೆತ್ತವರು ಸುಮ್ಮನಿರುತ್ತಾರೆಯೇ? ಆಟದ ಅಂಗಳದಲ್ಲಿ ಮಾತ್ರ ನಾವೆಲ್ಲ ಯಾಕೆ ಸುಮ್ಮನಿರಬೇಕು, ನೀವೇ ಹೇಳಿ.