ಚಾಂದೋರಿನಲ್ಲಿ ಒಮ್ಮೆ ಇಳಿಯಿರಿ

ಹುಬ್ಬಳ್ಳಿ, ಲೋಂಡಾ ಕಡೆಯಿಂದ ವಾಸ್ಕೋಗೆ ಬರುವ ರೈಲು ದೂಧಸಾಗರದ ಘಟ್ಟವಿಳಿದು, ಕುಳೆಂ, ಸಾವರ್ಡೆಗಳನ್ನು ದಾಟಿ, ಮಡಗಾಂವಕ್ಕೆ ಮುನ್ನ ಚಾಂದೋರ್ ಎಂಬ ಪುಟ್ಟ ನಿಲ್ದಾಣವನ್ನು ಹಾಯುತ್ತದೆ. ಊರಿಗೆ ಹೋಗಿಬರುವಾಗ ಆ ಫಲಕವನ್ನು ನಮ್ಮಲ್ಲಿ ಅನೇಕರು ಓದಿದ್ದಾರೆ, ಇಳಿದವರು ವಿರಳ. ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ಕೇಳುವ ಪಾಲಕರಿಗೆ ನಾನು ಈ ಊರನ್ನೇ ಸೂಚಿಸುತ್ತೇನೆ. ಅರ್ಧ ದಿನ ಸಾಕು. ಬಿಸಿಲೇರುವ ಮುನ್ನ ಹೊರಡಬೇಕು, ನೀರಿನ ಬಾಟಲಿ ಜೊತೆಗಿರಬೇಕು.

ನಡಿಗೆಯನ್ನು ಇಗರ್ಜಿಯ ಎದುರಿನ ಬಯಲಿನಿಂದ ಆರಂಭಿಸುವುದು ಲೇಸು. ಅಲ್ಲಿಯೇ, ರಸ್ತೆಯುದ್ದಕ್ಕೂ ಚಾಚಿಕೊಂಡ ಸಾಲು ಕಿಟಕಿಗಳ ಬ್ರಗಾಂಸಾ ಮನೆ ಕಾಣಿಸುತ್ತದೆ. ಗೋವೆಯ ಜಮೀನ್ದಾರಿ ವೈಭವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಒಳಗೆ ನೃತ್ಯಶಾಲೆ, ತೂಗುದೀಪಗಳು, ಚೀನಾದ ಪಿಂಗಾಣಿ, ಸುಮಾರು 5,000 ಗ್ರಂಥಗಳಿವೆಯೆಂದು ಹೇಳಲಾಗುವ ಖಾಸಗಿ ಪುಸ್ತಕಾಲಯ. ಮಕ್ಕಳು ತೂಗುದೀಪವನ್ನೇ ನೋಡುತ್ತಾರೆ. ನಾನು ನೋಡುವುದು ಪುಸ್ತಕಗಳನ್ನು. ಅವುಗಳ ಒಡೆಯ ಲುಯಿಸ್ ದ ಮೆನೆಝೆಸ್ ಬ್ರಗಾಂಸಾ (1878–1938) ಪತ್ರಕರ್ತ, ವಿಚಾರವಾದಿ. ಪೋರ್ಚುಗಲ್ ತನ್ನ ವಸಾಹತು ಶಾಸನವನ್ನು ಹೊರಡಿಸಿದ 1930ರಲ್ಲಿಯೇ, ಗೋವೆಯ ಜನರಿಗೆ ತಮ್ಮ ಭವಿಷ್ಯವನ್ನು ತಾವೇ ನಿರ್ಧರಿಸುವ ಹಕ್ಕಿದೆಯೆಂಬ ನಿರ್ಣಯವನ್ನು ಶಾಸನಸಭೆಯಲ್ಲಿ ಮಂಡಿಸಿದವರು. ವಿಮೋಚನೆಗೆ ಮುನ್ನ ಅವರ ಕುಟುಂಬದವರು ಮನೆ ತೊರೆದು ಬೆಂಗಳೂರಿನಲ್ಲಿ ನೆಲೆಸಬೇಕಾಯಿತು. ಗೋವೆಯಿಂದ ಕರ್ನಾಟಕಕ್ಕೆ ಆಸರೆ ಅರಸಿ ಹೋದವರೂ ಇದ್ದರೆಂಬುದು ನಮ್ಮ ಮಕ್ಕಳಿಗೆ ತಿಳಿದಿರಲಿ.

ಮನೆಯೊಂದು, ಒಡೆತನ ಎರಡು. ಒಂದೇ ಮೆಟ್ಟಿಲೇರಿ ಹೋದರೆ ಒಂದು ಪಕ್ಕ ಮೆನೆಝೆಸ್ ಬ್ರಗಾಂಸಾ ಶಾಖೆ, ಇನ್ನೊಂದು ಪಕ್ಕ ಬ್ರಗಾಂಸಾ ಪೆರೇರಾ ಶಾಖೆ. ವಕೀಲನಾದವನು ಇಲ್ಲಿ ತುಸು ನಿಲ್ಲದಿರಲಾರ. ಗೋವೆಯ ಉತ್ತರಾಧಿಕಾರ ಕಾನೂನಿನಂತೆ ತಂದೆತಾಯಿಯರು ಆಸ್ತಿಯ ಅರ್ಧವನ್ನು ಮಾತ್ರ ಮರಣಶಾಸನದ ಮೂಲಕ ಇಚ್ಛೆಯಂತೆ ಕೊಡಬಲ್ಲರು. ಉಳಿದರ್ಧ ಮಕ್ಕಳ ಕಡ್ಡಾಯ ಪಾಲು, ಮಗನೆಂದೂ ಮಗಳೆಂದೂ ಭೇದವಿಲ್ಲ. ಎರಡು ತಲೆಮಾರಿನಿಂದ ಇಲ್ಲಿ ನೆಲೆಸಿ, ಮನೆ ಕಟ್ಟಿಸಿ, ಅದನ್ನು ಹಿರಿಯ ಮಗನ ಹೆಸರಿಗೆ ಬರೆದಿಡಲು ಹೊರಟಿರುವ ನಮ್ಮವರು ತಮಗೆ ಯಾವ ಕಾನೂನು ಅನ್ವಯಿಸುತ್ತದೆಂದು ಮೊದಲು ಕೇಳಿ ತಿಳಿಯುವುದು ಒಳಿತು. ಇದು ನಡಿಗೆಯ ಮಾತಲ್ಲ, ಮುಂದೆ ಸಾಗೋಣ.

ಗದ್ದೆ, ತೆಂಗಿನ ತೋಟ, ಹಳೆಯ ಮನೆಗಳ ನಡುವೆ ಸಾಗಿದರೆ ಕೋಟೆ ಎಂದು ಕರೆಯುವ ಭಾಗ ಬರುತ್ತದೆ. ಕೋಟೆಯೇನೂ ಉಳಿದಿಲ್ಲ. ಹತ್ತಿರದಲ್ಲಿ ಕುಶಾವತಿ ನದಿ. ಊರಿನ ಹಳೆಯ ಹೆಸರು ಚಂದ್ರಪುರ. ಸಿರೋಡಾದಲ್ಲಿ ದೊರೆತ ಭೋಜರ ದೇವರಾಜನ ತಾಮ್ರಶಾಸನ ಹೊರಟದ್ದು ಇಲ್ಲಿಂದಲೇ. ಬಳಿಕ ಗೋವೆಯ ಕದಂಬರಿಗೆ ಇದು ರಾಜಧಾನಿಯಾಯಿತು. ಹನ್ನೊಂದನೆಯ ಶತಮಾನದಲ್ಲಿ ಅವರು ಜುವಾರಿ ನದಿಯ ತೀರದ ಗೋಪಕಪಟ್ಟಣಕ್ಕೆ ತೆರಳಿದರು. 1929ರಲ್ಲಿ ಪಾದ್ರಿ ಹೆನ್ರಿ ಹೆರಾಸರು ಇಲ್ಲಿ ಅಗೆಸಿದಾಗ ದೇವಾಲಯವೊಂದರ ಇಟ್ಟಿಗೆಯ ಅಡಿಪಾಯ ಕಂಡಿತು. ಆ ನೆಲದಲ್ಲಿ ಕಲ್ಲಿನ ನಂದಿಯೊಂದು ಕುಳಿತಿದೆ. ಅದಕ್ಕೆ ತಲೆಯಿಲ್ಲ. ಬಾಗಿದ ಬೆನ್ನು, ಮಡಿಸಿದ ಕಾಲು ಮಾತ್ರ ಉಳಿದಿವೆ.

ಕದಂಬರೆಂದೊಡನೆ ನಮ್ಮವರ ಎದೆ ಉಬ್ಬುತ್ತದೆ. ಬನವಾಸಿಯ ಬಿರುದನ್ನು ಹೊತ್ತವರು, ಹಲಸಿಯಿಂದಲೂ ಆಳಿದವರು, ಸಂಸ್ಕೃತದ ಜೊತೆಗೆ ಕನ್ನಡದಲ್ಲಿ ಶಾಸನ ಬರೆಸಿದವರು: ಇವೆಲ್ಲ ನಿಜ. ದಿನವೂ ಓಡಾಡುವ ಸರಕಾರಿ ಬಸ್ಸಿನ ಮೇಲೂ ಅವರದೇ ಹೆಸರು. ಶಾಲೆಯ ದಾರಿಯಲ್ಲಿ ‘ಘಾಂಟಿ’ ಎನಿಸಿಕೊಂಡು ಮುಖ ಸಣ್ಣದು ಮಾಡಿ ಬಂದ ಮಗುವಿಗೆ ಈ ಕಥೆ ಹೇಳಿದರೆ ಬೆನ್ನು ನೆಟ್ಟಗಾಗುತ್ತದೆ, ಹೇಳಲೇಬೇಕು. ಆದರೆ ‘ಗೋವೆ ಮೊದಲು ನಮ್ಮದೇ ಆಗಿತ್ತು’ ಎಂಬ ಮಾತನ್ನು ಮಗುವಿನ ಬಾಯಿಗೆ ತುರುಕುವುದು ನನಗೆ ಒಪ್ಪಿಗೆಯಿಲ್ಲ. ಶಾಸನ ಕನ್ನಡದಲ್ಲಿದ್ದ ಮಾತ್ರಕ್ಕೆ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರೆಲ್ಲ ಕನ್ನಡಿಗರಾಗಿದ್ದರೆಂದು ಆಗದು. ಒಂಬೈನೂರು ವರ್ಷ ಹಿಂದಿನ ಅರಸನ ಹೆಸರು ಯಾವ ನ್ಯಾಯಾಲಯದಲ್ಲೂ ಹಕ್ಕುಪತ್ರವಾಗಿ ನಿಲ್ಲದು, ನಿಲ್ಲಲೂಬಾರದು. ನಮ್ಮ ಮಕ್ಕಳ ಕನ್ನಡ ಶಾಲೆಗೆ ಆಧಾರ ಜಯಕೇಶಿಯಲ್ಲ. ಸಂವಿಧಾನದ 29 ಮತ್ತು 30ನೆಯ ಅನುಚ್ಛೇದಗಳು, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು 1956ರಲ್ಲಿ ಸೇರಿಸಿದ 350ಎ. ಕಲ್ಲು ಮಣ್ಣಾದರೂ ಆ ಹಕ್ಕು ಉಳಿಯುತ್ತದೆ. ಆದರೆ ತರಗತಿಯಲ್ಲಿ ಮಕ್ಕಳೇ ಇಲ್ಲದಿದ್ದರೆ ಅದೂ ಕಾಗದದಲ್ಲಿಯೇ ಉಳಿದೀತು. ದಾಖಲಾತಿಯ ದಿನಗಳು ಬಂದಾಗ ಪಾಲಕರು ಇದನ್ನು ನೆನೆದರೆ ಸಾಕು.

ನಂದಿಯ ಬಳಿ ಮಕ್ಕಳು ಬೆನ್ನೇರಲು ಹವಣಿಸುತ್ತಾರೆ, ಬೇಡವೆನ್ನಿ. ಇಟ್ಟಿಗೆಯ ಚೂರನ್ನೂ ಎತ್ತಿಕೊಳ್ಳಬಾರದು.

ಸಾಧ್ಯವಾದವರು ಕಾರ್ನಿವಲ್‌ನ ಸೋಮವಾರ ರಾತ್ರಿ ಇನ್ನೊಮ್ಮೆ ಬರಬಹುದು. ಅಂದು ಚಾಂದೋರಿನ ಕ್ರೈಸ್ತ ಕುಟುಂಬಗಳ ಗಂಡಸರು ಧೋತರ ಉಟ್ಟು, ಒನಕೆ ಹಿಡಿದು, ನೆಲಕ್ಕೆ ಕುಟ್ಟುತ್ತ ‘ಮುಸಳ್ ಖೇಳ್’ ಆಡುತ್ತಾರೆ. ವಿಜಯನಗರದ ಹರಿಹರನ ಗೆಲುವಿನ ನೆನಪು ಅದೆಂದು ಪ್ರತೀತಿ. ಹಾಡು ಕೊಂಕಣಿಯಲ್ಲಿ, ಆಡುವವರು ಕ್ರೈಸ್ತರು, ನೆನಪು ಹಂಪಿಯದು. ಮನೆಯಿಂದ ಮನೆಗೆ ಸಾಗುವ ಆ ಆಟವನ್ನು ಅಂಗಳದ ಅಂಚಿನಲ್ಲಿ ನಿಂತು ನೋಡಲು ಯಾರ ಅಡ್ಡಿಯೂ ಇಲ್ಲ.